ವಾರ್ಡಿನ ನಿರುದ್ಯೋಗಿಗಳ ಪಟ್ಟಿ: ಯಾರನ್ನು ಯಾವ ಚೌಕಕ್ಕೆ ಹಾಕುವುದು ಮಾರಾಯ್ರೇ?

ಬೈಲುಕರೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನ ಪಂಚಾಯತಿನ ವಿಕಸನ ಸೆಮಿನಾರಿಗೆ (ಊರಿನ ಯೋಜನೆ ಚರ್ಚಿಸುವ ಸಭೆ) ವಾರ್ಡಿನ ನಿರುದ್ಯೋಗದ ಬಗ್ಗೆ ಎರಡು ಪುಟ ಬರೆದುಕೊಡು ಅಂತ ಮೆಂಬರ್ ಅಕ್ಕ ಹೇಳಿದ್ದಾರೆ. ವರ್ಕಿಂಗ್ ಗ್ರೂಪಿನಲ್ಲಿ ಕನ್ನಡದಲ್ಲಿ ಬರೆಯುವವ ನಾನೊಬ್ಬನೇ, ಹಾಗೆ ನನ್ನ ತಲೆಗೆ ಬಂತು. ಫಾರಂ ನಾವೇ ಮಾಡಿದ್ದು. ಒಂದು ಕಡೆ ವಯಸ್ಸು: 18–29, 30–45, 45ರ ಮೇಲೆ. ಇನ್ನೊಂದು ಕಡೆ ಎಷ್ಟು ಸಮಯದಿಂದ ಕೆಲಸ ಇಲ್ಲ: 6 ತಿಂಗಳೊಳಗೆ, 6 ತಿಂಗಳಿಂದ 1 ವರ್ಷ, 1 ವರ್ಷಕ್ಕಿಂತ ಹೆಚ್ಚು. ಒಟ್ಟು ಒಂಬತ್ತು ಚೌಕ. ಮಧ್ಯಾಹ್ನದೊಳಗೆ ಮುಗಿಸಿ ಊಟಕ್ಕೆ ಬರುವ ಅಂತ ಭಾನುವಾರ ಹೊರಟವ ಮೊದಲ ಮೂರು ಮನೆಯಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲನೇ ಮನೆಯಲ್ಲಿ 34 ವರ್ಷದವ, ಬಿಎಡ್ ಆದವ. ಎಂಟು ವರ್ಷದಿಂದ ಜೂನಿನಲ್ಲಿ ಯಾವುದಾದರೊಂದು ಶಾಲೆಗೆ ದಿನವೇತನದ ಮಾಷ್ಟ್ರಾಗಿ ಸೇರುತ್ತಾನೆ, ಮಾರ್ಚ್ ಕೊನೆಗೆ ಮನೆಗೆ ಬರುತ್ತಾನೆ. ನಾನು ಹೋದದ್ದು ಮೇ ತಿಂಗಳಲ್ಲಿ. ಹಾಗಾದರೆ ಅವನಿಗೆ ಎರಡು ತಿಂಗಳ ನಿರುದ್ಯೋಗವಾ, ಎಂಟು ವರ್ಷದ್ದಾ?

ಎರಡನೇ ಮನೆಯಲ್ಲಿ 58ರ ಅಕ್ಕ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತಲೆ ಎತ್ತದೆಯೇ, "ನನಗೆ ಕೆಲಸ ಇಲ್ಲ ಅಂತ ಬರೆ ಮಗಾ" ಅಂದರು. ಅಷ್ಟು ಹೇಳುವುದರೊಳಗೆ ಎಲೆ ಸುತ್ತಿ, ಬಾಯಿ ಮಡಚಿ, ನೂಲು ಹಾಕಿ ಒಂದು ಬೀಡಿ ಕೆಳಗೆ ಬಿದ್ದಿತ್ತು.

ಮೂರನೆಯದ್ದು ಕುವೈಟಿನಿಂದ ಬಂದ 52ರ ಒಬ್ಬರು. "ನಾನು ರಜೆಯಲ್ಲಿ ಬಂದದ್ದು" ಅಂದರು. ಬಂದು ನಾಲ್ಕು ವರ್ಷ ಆಯಿತು ಅಂತ ಒಳಗಿನಿಂದ ಅವರ ಮನೆಯವರು ಹೇಳಿದರು. ನಾನು ಚಾ ಕುಡಿದು ಬಂದೆ, ಚೌಕ ಖಾಲಿ ಬಿಟ್ಟೆ.

ತಿಳಿದವರು ಹೇಳಿ.

ಅಂಕಿಬಾವ

ನಾನು ಕೆಲವು ವರ್ಷ ಸರ್ವೆ ಕೆಲಸದಲ್ಲಿ ಮನೆ ಮನೆ ತಿರುಗಿದವ, ಹಾಗಾಗಿ ಮೂಗು ತೂರಿಸುತ್ತೇನೆ.

ನಿರುದ್ಯೋಗಿ ಅನ್ನಿಸಿಕೊಳ್ಳಲು ಎರಡು ಬೇಕು: ಕೆಲಸ ಇರಬಾರದು, ಮತ್ತೆ ಹುಡುಕುತ್ತಿರಬೇಕು ಇಲ್ಲವೇ ಸಿಕ್ಕಿದರೆ ಹೋಗಲು ತಯಾರಿರಬೇಕು. ಇದರಲ್ಲಿ ಒಂದು ತಪ್ಪಿದರೂ ಲೆಕ್ಕದಲ್ಲಿ ಇಲ್ಲ. ಉದ್ಯೋಗ, ನಿರುದ್ಯೋಗ ಅಳೆಯುವ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆ (2017–18ರಿಂದ ನಡೆಯುವಂಥದ್ದು) ಎರಡು ರೀತಿ ಅಳೆಯುತ್ತದೆ. ಒಂದು, ಕಳೆದ 365 ದಿನದಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ ಅಂತ. ಇನ್ನೊಂದು, ಕಳೆದ 7 ದಿನದಲ್ಲಿ ಏನು ಮಾಡಿದಿರಿ ಅಂತ. ವಾರದ ಲೆಕ್ಕದಲ್ಲಿ ಒಂದೇ ಒಂದು ಗಂಟೆ ದುಡಿದರೂ ನೀವು ಉದ್ಯೋಗಸ್ಥ.

ಈಗ ನಿಮ್ಮ ಮೂರು ಮನೆ. ಬೀಡಿಯ ಅಕ್ಕ ಎರಡು ಲೆಕ್ಕದಲ್ಲೂ ಉದ್ಯೋಗಸ್ಥೆ, ಅವರು ಏನೇ ಹೇಳಲಿ. ಮಾಷ್ಟ್ರು ವರ್ಷದ ಲೆಕ್ಕದಲ್ಲಿ ಉದ್ಯೋಗಸ್ಥ, ಮೇ ತಿಂಗಳ ವಾರದ ಲೆಕ್ಕದಲ್ಲಿ ನಿರುದ್ಯೋಗಿ. ಕುವೈಟಿನವರು ಹುಡುಕುತ್ತಲೂ ಇಲ್ಲ, ಸಿಕ್ಕಿದರೆ ಹೋಗಲೂ ತಯಾರಿಲ್ಲ ಅಂತಾದರೆ ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ. ದುಡಿಯುವವರ ಬಳಗದಿಂದಲೇ ಹೊರಗೆ.

ಬೈಲುಕರೆ

ಹಾಗಾದರೆ ಮೂರು ಮನೆಗೆ ಸಿಕ್ಕಿದ್ದು ಅರ್ಧ ನಿರುದ್ಯೋಗಿ. ಒಳ್ಳೇ ವಾರ್ಡು ನಮ್ಮದು.

ತೋಟದಮೂಲೆ

ಎಲ್ಲರೂ ಸಿಟ್ಟಾಗಬೇಡಿ, ಇದ್ದದ್ದು ಹೇಳುತ್ತೇನೆ. ಕೇರಳದಲ್ಲಿ ನೂರರಲ್ಲಿ ಮೂವತ್ತು ತರುಣರು ಸುಮ್ಮನೆ ಕೂತಿದ್ದಾರೆ ಅಂತ ಪೇಪರಿನಲ್ಲಿ ಬಂತು. ಇಲ್ಲಿ ನನಗೆ ಅಡಿಕೆ ಕೊಯ್ಯಲು ಜನ ಇಲ್ಲ. ಮಳೆಗಾಲದಲ್ಲಿ ಮದ್ದು ಬಿಡುವವನಿಗೆ ಮೂರು ವಾರ ಕಾದೆ, ಅಷ್ಟರಲ್ಲಿ ಕೊಳೆರೋಗ ಬಂದು ಎಳೆಕಾಯಿ ಎಲ್ಲ ಮರದ ಬುಡದಲ್ಲಿ. ಕೂಲಿ ಕಡಿಮೆಯಾ? ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲೇ 2022–23ರಲ್ಲಿ ಕೇರಳದ ಹಳ್ಳಿಯಲ್ಲಿ ಗಂಡಸಿನ ಕೃಷಿ ಕೂಲಿ ದಿನಕ್ಕೆ ₹764, ಇಡೀ ದೇಶದ ಸರಾಸರಿ ₹346ರ ಹತ್ತಿರ. ಮರ ಹತ್ತುವವ ಅದಕ್ಕಿಂತ ಎಷ್ಟೋ ಹೆಚ್ಚು ತಗೊಳ್ಳುತ್ತಾನೆ. ಕೆಲಸ ಉಂಟು, ಮಾಡುವವರಿಲ್ಲ. ಅದನ್ನೂ ನಿಮ್ಮ ಎರಡು ಪುಟದಲ್ಲಿ ಬರೆಯಿರಿ.

ರ್ಯಾಂಕ್‌ಲಿಸ್ಟಿನವ

ಭಾವಯ್ಯ, ನಿಮ್ಮ ಮಗ ಮರ ಹತ್ತುತ್ತಾನಾ?

ತೋಟದಮೂಲೆ

ಅವ ಬೆಂಗಳೂರಿನಲ್ಲಿದ್ದಾನೆ.

ರ್ಯಾಂಕ್‌ಲಿಸ್ಟಿನವ

ಅಷ್ಟೇ ಕೇಳಿದ್ದು.

ನಾನು ಪಿಎಸ್‌ಸಿ (ಸರಕಾರಿ ಕೆಲಸದ ಪರೀಕ್ಷೆ) ಬರೆಯುವವ. 33 ಆಯಿತು. ಎಲ್‌ಡಿ ಕ್ಲರ್ಕಿಗೆ ಸಾಮಾನ್ಯ ವರ್ಗಕ್ಕೆ 36, ಹಿಂದುಳಿದವರಿಗೆ 39, ಪರಿಶಿಷ್ಟರಿಗೆ 41ರವರೆಗೆ ಅವಕಾಶ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆ ಬೇರೆಯೇ ಪಟ್ಟಿ ಉಂಟು, ನಮ್ಮ ಆಸೆ ಇರುವುದು ಅದರ ಮೇಲೆ. ರ್ಯಾಂಕ್ ಲಿಸ್ಟಿನ ಆಯುಸ್ಸು ಹೆಚ್ಚೆಂದರೆ ಮೂರು ವರ್ಷ. ನನ್ನ ಹೆಸರು ಒಮ್ಮೆ ಲಿಸ್ಟಿನಲ್ಲಿ ಬಂದಿತ್ತು, ನನ್ನಿಂದ ಸ್ವಲ್ಪ ಮೇಲಕ್ಕೆ ಬಂದು ಅಡ್ವೈಸ್ (ಕೆಲಸಕ್ಕೆ ಶಿಫಾರಸು) ನಿಂತಿತು, ಲಿಸ್ಟು ಸತ್ತಿತು. ಹೆಸರು ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಅವಧಿ ಮುಗಿದ ದಿನ ಯಾರಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು.

ಒಂದು ವಿಷಯ ಅಂಕಿಬಾವನವರಲ್ಲಿ ಕೇಳಲಿಕ್ಕುಂಟು. ನಮ್ಮೂರ ಗ್ರಂಥಾಲಯದ ಒಂದೇ ಬೆಂಚಿನಲ್ಲಿ ನಾನೂ ಇನ್ನೊಬ್ಬನೂ ಕೂತು ಓದುತ್ತೇವೆ. ಇಬ್ಬರದ್ದೂ ಒಂದೇ ಪರೀಕ್ಷೆ, ಒಂದೇ ಕೊಶ್ಚನ್ ಬ್ಯಾಂಕ್, ಹರಿದ ಪುಟವೂ ಒಂದೇ. ಅವನ ಮನೆಯಲ್ಲಿ ಎರಡು ಎಕರೆ ಅಡಿಕೆ. ಕೊಯ್ಲಿನ ಸಮಯಕ್ಕೆ ಅಪ್ಪನ ಜೊತೆ ಹೋಗುತ್ತಾನೆ, ಮಳೆಗಾಲದಲ್ಲಿ ಮದ್ದಿನ ಪೈಪು ಹಿಡಿಯುತ್ತಾನೆ. ನನ್ನ ಮನೆಯಲ್ಲಿ ಅಂಗಳ ಮಾತ್ರ. ಇಬ್ಬರಲ್ಲಿ ಯಾರು ನಿರುದ್ಯೋಗಿ?

ಅಂಕಿಬಾವ

ನೀವು ಮಾತ್ರ. ಅವರು ಸಂಬಳವಿಲ್ಲದೆ ಮನೆಯ ತೋಟದಲ್ಲಿ ವರ್ಷಕ್ಕೆ 30 ದಿನ ಕೈ ಜೋಡಿಸಿದರೂ ಸಾಕು, ಪೂರಕ ಉದ್ಯೋಗ ಅಂತ ಬರೆದು ಉದ್ಯೋಗಸ್ಥರ ಸಾಲಿಗೆ ಹಾಕುತ್ತಾರೆ. ಇದೇ ಕಾರಣಕ್ಕೆ ತೋಟ ಹೆಚ್ಚಿರುವ ಊರಿನಲ್ಲಿ ನಿರುದ್ಯೋಗ ಕಡಿಮೆ ಕಾಣಬಹುದು. ಅಲ್ಲಿ ಕೆಲಸ ಹೆಚ್ಚಿದೆ ಅಂತಲ್ಲ, ಹೇಳಿಕೊಳ್ಳಲು ಒಂದು ತೋಟ ಇದೆ ಅಂತ.

ತೋಟದಮೂಲೆಯವರು ಹೇಳಿದ ಮೂವತ್ತರ ಬಗ್ಗೆ. ಅಂಕಿ ಸರಿ. 2023–24ರ ವರದಿಯಲ್ಲಿ ಕೇರಳದ 15–29 ವಯಸ್ಸಿನವರಲ್ಲಿ ನಿರುದ್ಯೋಗ ಶೇ 29.9, ದೇಶದ ಸರಾಸರಿ ಶೇ 10.2. ಹುಡುಗರಲ್ಲಿ ಶೇ 19.3, ಹುಡುಗಿಯರಲ್ಲಿ ಶೇ 47.1. ಆದರೆ ಅದು ನೂರು ತರುಣರಲ್ಲಿ ಮೂವತ್ತಲ್ಲ. ಕೆಲಸದಲ್ಲಿರುವವರು ಮತ್ತು ಹುಡುಕುವವರು ಸೇರಿ ನೂರಾದರೆ ಅದರಲ್ಲಿ ಮೂವತ್ತು. ಕಾಲೇಜಿಗೆ ಹೋಗುವವರು ಆ ನೂರರಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ 23–24ರವರೆಗೆ ಓದುವವರು ಹೆಚ್ಚು, ಹಾಗಾಗಿ ಆ ಗುಂಪೇ ಸಣ್ಣದು, ಪಾಲು ದೊಡ್ಡದಾಗಿ ಕಾಣುತ್ತದೆ.

ಎಲ್ಲ ವಯಸ್ಸಿನವರನ್ನು ಸೇರಿಸಿದರೆ ಕೇರಳದ್ದು ಶೇ 7.2. ಈ 29.9ಕ್ಕೂ 7.2ಕ್ಕೂ ನಡುವೆ ಏನಾಗುತ್ತದೆ ಅನ್ನುವುದೇ ಬೈಲುಕರೆಯವರ ಫಾರಮಿನ ಪ್ರಶ್ನೆ. ಮೂವತ್ತು ದಾಟಿದ ಮೇಲೆ ಎಲ್ಲರಿಗೂ ಕೆಲಸ ಸಿಕ್ಕಿತಾ? ಸ್ವಲ್ಪ ಜನರಿಗೆ ಸಿಕ್ಕಿತು. ಸ್ವಲ್ಪ ಜನ ಕೊಲ್ಲಿಗೆ ಹೋದರು. ಉಳಿದವರು ಕುವೈಟಿನ ಅಣ್ಣನ ಹಾಗೆ, ಮದುವೆಯಾದ ಹುಡುಗಿಯರ ಹಾಗೆ, ಹುಡುಕುವುದನ್ನು ಬಿಟ್ಟರು. ಬಿಟ್ಟ ದಿನವೇ ಲೆಕ್ಕ ಕಡಿಮೆಯಾಯಿತು.

ತಲಪಾಡಿದಾಟಿದವಳು

ಮಾತು ಬಂತಲ್ಲ, ನನ್ನದೂ ಹೇಳುತ್ತೇನೆ. ಉಪ್ಪಳದವಳು. ಡಿಗ್ರಿ ಮಾಡಿದ್ದು ಮಂಗಳೂರಿನಲ್ಲಿ, ಕೆಲಸವೂ ಆ ಕಡೆಯೇ, ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ. ಬೆಳಿಗ್ಗೆ ಹೋಗಿ ರಾತ್ರಿ ಬರುವುದು. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ತಲಪಾಡಿ ಗಡಿ ಬಂದ್ ಆಯಿತು, ಒಳದಾರಿಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಮೇ ತಿಂಗಳ ಹೊತ್ತಿಗೆ ನನ್ನ ಕುರ್ಚಿಯಲ್ಲಿ ಗಡಿಯ ಆಚೆಯವಳು ಕೂತಿದ್ದಳು. ಅವಳನ್ನು ದೂರುವುದಿಲ್ಲ, ಅವಳಿಗೂ ಮನೆ ಉಂಟಲ್ಲ. ಮುಂದಿನ ವರ್ಷ ಬೇರೊಂದು ಕಡೆ ಸಿಕ್ಕಿತು. 2021ರ ಆಗಸ್ಟಿನಲ್ಲಿ ಮತ್ತೆ ಆರ್‌ಟಿಪಿಸಿಆರ್ ರಿಪೋರ್ಟು ಇಲ್ಲದೆ ದಾಟಲಿಕ್ಕಿಲ್ಲ ಅಂತಾಯಿತು. ಎರಡು ಸಲವೂ ನಾನು "6 ತಿಂಗಳಿಂದ 1 ವರ್ಷ"ದ ಚೌಕದವಳು.

ಆಗ ನಾನು ಯಾವ ಊರಿನ ನಿರುದ್ಯೋಗಿ? ಕೆಲಸ ಕಳೆದದ್ದು ದಕ್ಷಿಣ ಕನ್ನಡದಲ್ಲಿ, ಕಳೆದುಕೊಂಡವಳು ಎಣಿಕೆಗೆ ಸಿಗುವುದು ಮಂಜೇಶ್ವರ ತಾಲೂಕಿನಲ್ಲಿ.

ಕರ್ನಾಟಕದವರು ಯುವನಿಧಿ ತಂದರು. 2022–23ರಲ್ಲಿ ಪಾಸಾದವರಿಂದ ಶುರು, 180 ದಿನ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಹೆಚ್ಚೆಂದರೆ ಎರಡು ವರ್ಷ. ನನ್ನ ಚಿಕ್ಕಮ್ಮನ ಮಗಳು ಅದೇ ವರ್ಷ ಅಲ್ಲಿಯದ್ದೇ ಕಾಲೇಜಿನಲ್ಲಿ ಪಾಸಾದವಳು. ಪಕ್ಕದ ಬೆಂಚಿನವಳಿಗೆ ಬಂತು, ಇವಳಿಗೆ ಇಲ್ಲ, ವಾಸ ಕರ್ನಾಟಕದ್ದಲ್ಲವಲ್ಲ. ಸಿಇಟಿಗೆ ನಾವು ಗಡಿನಾಡ ಕನ್ನಡಿಗರು, ಸೀಟು ಕೇಳಬಹುದು. ಓದು ಮುಗಿದ ಮೇಲೆ ಕೇರಳದವರು.

ಮಾಷ್ಟ್ರು_ಪೆರ್ಲ

ಕೇರಳದಲ್ಲಿ ನಿರುದ್ಯೋಗ ವೇತನ ಇಲ್ಲವೆಂದೇನಲ್ಲ. 1982ರಿಂದ ಉಂಟು. ತಿಂಗಳಿಗೆ ₹120. ಹೌದು, ನೂರ ಇಪ್ಪತ್ತು, ಸೊನ್ನೆ ಬಿಟ್ಟುಹೋದದ್ದಲ್ಲ. ಅದು ಸಿಗಬೇಕಾದರೆ 18 ದಾಟಿದ ಮೇಲೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಮೂರು ವರ್ಷ ಇರಬೇಕು, ಕುಟುಂಬದ ವರ್ಷದ ಆದಾಯ ₹12,000 ದಾಟಬಾರದು, ವಯಸ್ಸು 35 ದಾಟಬಾರದು. ತೋಟದಮೂಲೆಯವರು ಹೇಳಿದ ಕೂಲಿಯಲ್ಲಿ ಮನೆಯ ಒಬ್ಬ ಹದಿನಾರು ದಿನ ದುಡಿದರೆ ಆ ಮಿತಿ ಮುಗಿಯಿತು.

ನೋಡಿ, ಕೆಲಸವಿಲ್ಲದೆ ಎಷ್ಟು ದಿನವಾದರೆ ಸರಕಾರಕ್ಕೆ ಅದು ಕಷ್ಟವಾಗಿ ಕಾಣುತ್ತದೆ? ತಲಪಾಡಿಯ ಆಚೆ 180 ದಿನ, ಈಚೆ ಮೂರು ವರ್ಷ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರು 12 ತಿಂಗಳು ಆದರೆ ದೀರ್ಘಕಾಲದ ನಿರುದ್ಯೋಗ ಅನ್ನುತ್ತಾರೆ. ನಮ್ಮ ಹುಡುಗರನ್ನು ಕೇಳಿದರೆ 12 ತಿಂಗಳೆಂದರೆ ಪಿಎಸ್‌ಸಿಯ ಒಂದು ನೋಟಿಫಿಕೇಶನಿಗೂ ಪರೀಕ್ಷೆಗೂ ನಡುವಿನ ಸಮಯ.

ನನ್ನ ಎಕ್ಸ್‌ಚೇಂಜಿನ ಕಾರ್ಡು ಇನ್ನೂ ಪೆಟ್ಟಿಗೆಯಲ್ಲಿದೆ. ವಿದ್ಯಾನಗರದ ಆ ಕಚೇರಿಗೆ ಮೂರು ವರ್ಷಕ್ಕೊಮ್ಮೆ ಹೋಗಿ ನವೀಕರಿಸಬೇಕಿತ್ತು, ತಪ್ಪಿದರೆ ಸೀನಿಯಾರಿಟಿ ಹೋಯಿತು. ನಮ್ಮ ಕಾಲದಲ್ಲಿ ಮನೆಯಲ್ಲಿ ಕೋಳಿಯಂಕದ ತಾರೀಕು ಮರೆತರೂ ರಿನ್ಯೂವಲ್ ತಾರೀಕು ಮರೆಯುತ್ತಿರಲಿಲ್ಲ. ಈಗಲೂ ಅಲ್ಲಿಂದ 179 ದಿನದ ಕೆಲಸಕ್ಕೆ ಕರೆ ಬರುವುದುಂಟು. 180 ಆಗಬಾರದು, ಅದೊಂದು ಮಡಿ.

ನಮ್ಮ ತಲೆಮಾರಿನಲ್ಲಿ ಎಸ್‌ಎಸ್‌ಎಲ್‌ಸಿ ಫೇಲಾದವ ರಾತ್ರಿ ಬಸ್ಸಿಗೆ ಬೊಂಬಾಯಿಗೆ ಹೋಗುತ್ತಿದ್ದ. ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಶಾಲೆಗೆ ಹೋಗಿ, ಹತ್ತು ವರ್ಷಕ್ಕೆ ಊರಿನ ಕೋಲಕ್ಕೆ ಸಫಾರಿ ಹಾಕಿಕೊಂಡು ಬರುತ್ತಿದ್ದ. ಆ ವಯಸ್ಸಿನವರು ಊರಿನಲ್ಲಿ ಇರುತ್ತಲೇ ಇರಲಿಲ್ಲ, ಹಾಗಾಗಿ ಊರಿನಲ್ಲಿ ನಿರುದ್ಯೋಗವೂ ಇರಲಿಲ್ಲ.

ಬೈಲುಕರೆ

ಮಾಷ್ಟ್ರೇ, ನಮಸ್ಕಾರ. ಒಂದು ಪ್ರಶ್ನೆ ಉಳಿಯಿತು. "ಎಷ್ಟು ಸಮಯದಿಂದ" ಅನ್ನುವುದನ್ನು ನಾನು ಹೋದ ದಿನಕ್ಕೆ ಲೆಕ್ಕ ಹಾಕಿದರೆ ಸಾಕಾ? ವರ್ಷ ಮೇಲ್ಪಟ್ಟವರೇ ಹೆಚ್ಚು ಸಿಗುತ್ತಿದ್ದಾರೆ. ನಮ್ಮ ವಾರ್ಡು ಅಷ್ಟು ಹಾಳಾಗಿದೆಯಾ?

ಅಂಕಿಬಾವ

ಇದಕ್ಕೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಸುಮ್ಮನೆ ಊಹಿಸಿಕೊಂಡದ್ದು, ಯಾವ ವಾರ್ಡಿನದ್ದೂ ಅಲ್ಲ.

ಒಂದು ಊರಿನಲ್ಲಿ ಜನವರಿಯಲ್ಲಿ ಒಬ್ಬ ಹುಡುಗನ ಕೆಲಸ ಹೋಯಿತು, ಒಂದೇ ತಿಂಗಳಲ್ಲಿ ಬೇರೆ ಸಿಕ್ಕಿತು. ಫೆಬ್ರವರಿಯಲ್ಲಿ ಇನ್ನೊಬ್ಬನದ್ದು, ಅವನಿಗೂ ತಿಂಗಳಲ್ಲಿ ಸಿಕ್ಕಿತು. ಹೀಗೆ ವರ್ಷಕ್ಕೆ ಹನ್ನೆರಡು ಹುಡುಗರು. ಅದೇ ಊರಿನಲ್ಲಿ 50 ವರ್ಷದ ಒಬ್ಬರು ಇಡೀ ವರ್ಷ ಮನೆಯಲ್ಲೇ ಇದ್ದರು. ಈಗ ನೀವು ಯಾವ ಭಾನುವಾರ ಹೋದರೂ ಸಿಗುವುದು ಇಬ್ಬರು: ಆ ತಿಂಗಳ ಹುಡುಗ ಮತ್ತು ಆ 50ರವರು. ಫಾರಮಿನಲ್ಲಿ ಏನು ಬರುತ್ತದೆ? ಅರ್ಧಕ್ಕರ್ಧ ದೀರ್ಘಕಾಲದವರು. ಆದರೆ ವರ್ಷದಲ್ಲಿ ಕೆಲಸ ಕಳೆದುಕೊಂಡವರು ಹದಿಮೂರು ಜನ, ಅದರಲ್ಲಿ ಹನ್ನೆರಡು ಜನ ತಿಂಗಳಲ್ಲಿ ದಡ ಸೇರಿದವರು. ಎರಡೂ ಸುಳ್ಳಲ್ಲ. ಹೆಚ್ಚು ಕಾಲ ಕೂತವರು ನಿಮ್ಮ ಕಣ್ಣಿಗೆ ಬೀಳುವುದು ಹೆಚ್ಚು, ಅಷ್ಟೇ.

ವಯಸ್ಸನ್ನು ಮಾತ್ರ ನೋಡಿದರೆ ಹುಡುಗ ಒಂದು, ಹಿರಿಯ ಒಂದು, ಸಮಸಮ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಒಬ್ಬನಿಗೆ ಬೇಕಾದ್ದು ಒಂದು ತಿಂಗಳ ಖರ್ಚು, ಇನ್ನೊಬ್ಬರಿಗೆ ಬೇಕಾದ್ದು ಬೇರೆಯೇ ಏನೋ. ಹಾಗಾಗಿ ನಿಮ್ಮ ಒಂಬತ್ತು ಚೌಕದ ಫಾರಂ ದಡ್ಡ ಫಾರಂ ಅಲ್ಲ.

ನಮ್ಮ ಕಡೆ ಈ ಲೆಕ್ಕವೇ ತಿರುಗಾಮುರುಗಾ. ಇಲ್ಲಿ ಉದ್ದಕ್ಕೆ ಕಾಯುವುದು ಹುಡುಗರು. 22ಕ್ಕೆ ಶುರುವಾದ ಕಾಯುವಿಕೆ 36ರವರೆಗೆ ಹೋಗುತ್ತದೆ, ಯಾಕೆಂದರೆ ಕಾಯಲು ಒಂದು ಲಿಸ್ಟು ಇದೆ. 50ರವರಿಗೆ ಕಾಯಲು ಏನೂ ಇಲ್ಲ, ಅವರು ತಿಂಗಳಲ್ಲಿ ಏನಾದರೊಂದು ಹಿಡಿಯುತ್ತಾರೆ, ಇಲ್ಲವೇ ಪಟ್ಟಿಯಿಂದಲೇ ಹೋಗುತ್ತಾರೆ. ಅದಕ್ಕೆ 30–45ರ ಆ ಒಂದು ಚೌಕವನ್ನು ಒಡೆಯಿರಿ. 36ರಲ್ಲಿ ಒಂದು ಗೆರೆ ಬೇಕು. 35ರವನೂ 37ರವನೂ ಒಂದೇ ಚೌಕದಲ್ಲಿ ಕೂತರೆ ಆಗುವುದಿಲ್ಲ.

ರ್ಯಾಂಕ್‌ಲಿಸ್ಟಿನವ

ಕೊನೆಯ ಮಾತಿಗೆ ನನ್ನ ಸಹಿ ಉಂಟು.

ತೋಟದಮೂಲೆ

ಮರ ಹತ್ತುವವನಿಗೂ 36ರ ಗೆರೆ ಉಂಟು ಮಾರಾಯ್ರೇ, ಅದನ್ನು ಸೊಂಟ ಹಾಕುತ್ತದೆ. ನಮ್ಮಲ್ಲಿಗೆ ಬರುತ್ತಿದ್ದವ 41ಕ್ಕೆ ಬಿಟ್ಟ. ಈಗ ಪೇಟೆಯಲ್ಲಿ ಲಾಟರಿ ಮಾರುತ್ತಾನೆ. ದಿನಕ್ಕೆ ನಾಲ್ಕು ಮರದ ಹಣ ಹುಟ್ಟುವುದಿಲ್ಲ ಅಂತ ಅವನೇ ಹೇಳಿದ. ನಾನು ಮೊದಲು ಬರೆದದ್ದರಲ್ಲಿ ಈ ಮನುಷ್ಯ ಬಿಟ್ಟುಹೋದ. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ಹೊಸ ಹುಡುಗರು ಕೆಳಗೇ ನಿಂತು ಕೊಯ್ಯುವುದನ್ನು ಕಲಿಯುತ್ತಿದ್ದಾರೆ, ಅದು ಒಳ್ಳೆಯದು. ಆದರೆ ಕೊಯ್ಲು ವರ್ಷದಲ್ಲಿ ನಾಲ್ಕೈದು ತಿಂಗಳ ಮಾತು. ಉಳಿದ ತಿಂಗಳು ಅವರನ್ನು ಯಾವ ಚೌಕಕ್ಕೆ ಹಾಕುತ್ತೀರಿ ಅಂತ ನನಗೂ ಗೊತ್ತಾಗಲಿಲ್ಲ.

ಎಣ್ಮಕಜೆ_ಅಮ್ಮ

ಓದುತ್ತಾ ಇದ್ದೆ. ನನಗೆ 38. ಬಿಕಾಂ. ಮಗನಿಗೆ 15 ವರ್ಷ, ನಡೆಯುವುದಿಲ್ಲ. ನಮ್ಮ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು 2000ರವರೆಗೆ, ಅದರ ಕಥೆ ನಿಮಗೆಲ್ಲ ಗೊತ್ತು. 2017ರಲ್ಲಿ ಸುಪ್ರೀಂ ಕೋರ್ಟು ಅದರಿಂದ ಬಾಧೆಗೊಳಗಾದವರಿಗೆ ಐದು ಲಕ್ಷ ಕೊಡಲು ಹೇಳಿದ್ದೂ ಗೊತ್ತು.

ನಾನು ಕೆಲಸ ಹುಡುಕುತ್ತಿಲ್ಲ, ಸಿಕ್ಕಿದರೂ ಮಗನನ್ನು ಬಿಟ್ಟು ಹೋಗಲಿಕ್ಕಾಗುವುದಿಲ್ಲ. ಹಾಗಾಗಿ ಅಂಕಿಬಾವನವರ ಲೆಕ್ಕದಲ್ಲಿ ನಿರುದ್ಯೋಗಿ ಅಲ್ಲ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುತ್ತೇನೆ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅದು ಉದ್ಯೋಗವೂ ಅಲ್ಲ. ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ತಿಂಗಳಿಗೆ ₹600 ಉಂಟು.

ಬೈಲುಕರೆಯವರೇ, ನಿಮ್ಮ ಫಾರಂ ಹಿಡಿದುಕೊಂಡು ನಮ್ಮಂಥ ಮನೆಗೆ ಹೋದರೆ ಖಾಲಿ ಬಿಟ್ಟು ಬರಬೇಡಿ. ಹಿಂದಿನ ಪುಟದಲ್ಲಾದರೂ ಬರೆಯಿರಿ.

ಬೈಲುಕರೆ

ಅಕ್ಕ, ಹಿಂದಿನ ಪುಟ ಬೇಡ, ಫಾರಮನ್ನೇ ಬದಲಿಸುತ್ತೇನೆ.

ಎರಡು ದಿನ ಉತ್ತರ ಬರೆಯದ್ದಕ್ಕೆ ಕ್ಷಮಿಸಿ, ಮೆಂಬರ್ ಅಕ್ಕನ ಜೊತೆ ಕೂತು ಹೊಸದು ಮಾಡಿದೆವು. ವಯಸ್ಸು ಈಗ 18–29, 30–36, 37–45, 46–60. "ಎಷ್ಟು ಸಮಯದಿಂದ ಇಲ್ಲ" ಅನ್ನುವುದರ ಪಕ್ಕದಲ್ಲಿ "ಕಳೆದ 5 ವರ್ಷದಲ್ಲಿ ಒಟ್ಟು ಎಷ್ಟು ತಿಂಗಳು ಕೆಲಸ ಇತ್ತು" ಅಂತ ಹೊಸದೊಂದು ಬಂತು. ನಮ್ಮ ದಿನವೇತನದ ಮಾಷ್ಟ್ರು ಅಲ್ಲಿ ಸಿಗುತ್ತಾರೆ: ಈಗ ಎರಡು ತಿಂಗಳಿಂದ ಇಲ್ಲ, ಅರವತ್ತರಲ್ಲಿ ಐವತ್ತು ತಿಂಗಳು ಇತ್ತು, ರಜೆಯ ಸಂಬಳ ಒಂದು ತಿಂಗಳದ್ದೂ ಇಲ್ಲ. "ಕೆಲಸ ಎಲ್ಲಿತ್ತು" ಅನ್ನುವಲ್ಲಿ ಊರು, ಗಡಿ ಆಚೆ, ಹೊರದೇಶ ಅಂತ ಮೂರು. ಕೊನೆಗೆ "ಹುಡುಕುವುದನ್ನು ಬಿಟ್ಟಿದ್ದರೆ ಯಾವ ವರ್ಷ, ಯಾಕೆ". ಅದಕ್ಕೆ ಚೌಕ ಇಲ್ಲ, ಎರಡು ಗೆರೆ ಖಾಲಿ ಬಿಟ್ಟಿದ್ದೇವೆ.

ಪಂಚಾಯತಿನ ಒಬ್ಬರು "ಇಷ್ಟೆಲ್ಲ ಯಾಕೆ, ಜಿಲ್ಲೆಯ ಅಂಕಿ ಮೇಲಿನಿಂದಲೇ ಬರುತ್ತದಲ್ಲ" ಅಂದರು. ಅದಕ್ಕೆ ಎಂತ ಹೇಳಲಿ?

ಅಂಕಿಬಾವ

2025ರ ಜನವರಿಯಿಂದ ಆ ಸಮೀಕ್ಷೆಗೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಂಡಿದ್ದಾರೆ, ತಿಂಗಳು ತಿಂಗಳು ವರದಿಯೂ ಬರುತ್ತದೆ. ಒಳ್ಳೆಯದೇ. ಆದರೆ ಆ ವರದಿಯಲ್ಲಿ ನಿಮ್ಮ ವಾರ್ಡಿನ 30–36ರವರು ಕಾಣುವಷ್ಟು ಮನೆಗಳಿಗೆ ಅವರು ಹೋಗುವುದಿಲ್ಲ. ಹಾಗೆ ಹೇಳಿ. ಮತ್ತೆ, ನೀವು ಬರೆದುಕೊಂಡ ಹೆಸರುಗಳನ್ನು ಸೆಮಿನಾರಿನಲ್ಲಿ ಓದಬೇಡಿ, ಲೆಕ್ಕ ಮಾತ್ರ ಓದಿ. ಕುವೈಟಿನವರು ರಜೆಯಲ್ಲೇ ಇರಲಿ.

ತಲಪಾಡಿದಾಟಿದವಳು

ಭಾನುವಾರ ನಾನೂ ಬರುತ್ತೇನೆ ಬೈಲುಕರೆ ಅಣ್ಣ. ಹೆಂಗಸರು ಮಾತ್ರ ಇರುವ ಮನೆಯಲ್ಲಿ ನಿಮಗೆ ಚಾ ಸಿಗುತ್ತದೆ, ವಿಷಯ ಸಿಗುವುದಿಲ್ಲ.

ಬೈಲುಕರೆ

ಬಾ ತಂಗಿ, ಒಂಬತ್ತಕ್ಕೆ ಭಜನಾಮಂದಿರದ ಹತ್ತಿರ. ಮೊದಲು ಬೀಡಿಯ ಅಕ್ಕನ ಮನೆಗೇ ಹೋಗುವ. ಶನಿವಾರ ಹೋಗುವ ಅಂತ ಫೋನ್ ಮಾಡಿದ್ದೆ, "ಆ ದಿನ ಬರಬೇಡ ಮಗಾ, ಬ್ರಾಂಚಿಗೆ ಬೀಡಿ ಕೊಡಲಿಕ್ಕುಂಟು, ನನಗೆ ತಲೆ ಎತ್ತಲಿಕ್ಕೆ ಪುರುಸೊತ್ತಿಲ್ಲ" ಅಂದರು.